ತುಂಬಿದ ಸರದಿ

ಗಣೇಶನ ಹಬ್ಬದ ಮಧ್ಯಾಹ್ನ ಮಂಡ್ಯದ ಆ ಸಣ್ಣ ಕಚೇರಿಯಲ್ಲಿ ಸೌಮ್ಯ ಒಬ್ಬಳೇ ಇದ್ದಳು. ಪಂಚಾಯಿತಿ, ಆಸ್ಪತ್ರೆ, ಅಂಗಡಿ, ಯಾರು ಕಳಿಸಿದ ಸಂದೇಶವಾದರೂ ಅವಳ ಕಂಪ್ಯೂಟರಿನಲ್ಲಿ ಸರದಿ ನಿಂತು, ಒಂದೊಂದಾಗಿ ಜನರ ಮೊಬೈಲಿಗೆ ಹೋಗುತ್ತಿತ್ತು. ಸರದಿಗೊಂದು ಮಿತಿ. ಅದು ತುಂಬಿದರೆ ಹಳೆಯದನ್ನು ಎಸೆಯಬೇಕೋ, ಹೊಸದನ್ನು ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸಬೇಕೋ ಎಂದು ಮೊದಲೇ ಹೇಳಿಡಬೇಕು. ಕಾದು ನಿಂತಿದ್ದನ್ನು ಹೊರಗೆ ಹಾಕುವುದು ಅನ್ಯಾಯವೆನಿಸಿ ಸೌಮ್ಯ ಎರಡನೆಯದನ್ನು ಆರಿಸಿದ್ದಳು. ಆಮೇಲೂ ಅದು ಸರಿಯೇ ಎಂದು ತಾನು ಹೋಗುವ ಸಂಜೆಯ ಕಂಪ್ಯೂಟರ್ ತರಗತಿಯ ಪುಸ್ತಕ ತೆಗೆದು ಮತ್ತೆ ಮತ್ತೆ ನೋಡಿದ್ದಳು.

ಫೋನು ಬಡಿದುಕೊಂಡಿತು. ಬೆಳಕವಾಡಿಯಾಚೆ ಹೊಳೆದಂಡೆಯ ಹಳ್ಳಿಯೊಂದರ ಪಂಚಾಯಿತಿ ನೌಕರ ಮರಿಯಯ್ಯ.

"ಏನಮ್ಮ, ನಿಮ್ ಮಿಷನ್ನು ಕೆಟ್ಟೋಯ್ತಾ? ಮ್ಯಾಲೆ ಡ್ಯಾಮಿಂದ ನೀರು ಬುಟ್ಟವ್ರೆ, ದಡಕ್ಕೆ ಅತ್ತಿ ಅಂತ ಕಳುಸ್ತಾನೇ ಇವ್ನಿ, ವಾಪಸ್ ಬತ್ತಾ ಅದೆ."

"ಮೈಕಲ್ಲಿ ಕೂಗ್ಸಿ ಅಣ್ಣ!"

"ಕೂಗಾಯ್ತು ಕಣಮ್ಮ. ಗಣಪತಿ ಬುಡಕ್ಕೆ ಊರೇ ಹೊಳೇಲಿ ನಿಂತದೆ. ತಮಟೆ ಸದ್ದಲ್ಲಿ ನನ್ ಕೂಗು ಯಾರ್ಗೆ ಕೇಳ್ತದೆ? ಎಲ್ರೂ ಮೊಬೈಲ್ ಇಡ್ಕಂಡು ವಿಡಿಯೋ ತಗೀತಾವ್ರೆ, ಮೆಸೇಜ್ ಬಂದ್ರೆ ನೋಡ್ತಾರೆ. ಅರ್ಧ ಗಂಟೇಲಿ ನೀರು ಬತ್ತದಂತೆ."

ಸೌಮ್ಯ ಪರದೆ ನೋಡಿದಳು. ಸರದಿ ಹಬ್ಬದ ಶುಭಾಶಯಗಳಿಂದ ತುಂಬಿಹೋಗಿತ್ತು. ಹಳೆಯದೊಂದನ್ನು ತೆಗೆದರೆ ಮರಿಯಯ್ಯನ ಎಚ್ಚರಿಕೆಗೆ ಜಾಗ ಸಿಗುತ್ತದೆ, ಆದರೆ ಕಟ್ಟಕಡೆಯಲ್ಲಿ. ಅದು ಊರು ತಲುಪುವಾಗ ಕತ್ತಲಾಗಿರುತ್ತದೆ. ಮಿತಿ ಹೆಚ್ಚಿಸಿದರೂ ಅಷ್ಟೇ. ಉಳಿದದ್ದು ಒಂದೇ ದಾರಿ, ಇಡೀ ಸರದಿಯನ್ನು ಅಳಿಸಿಬಿಡುವುದು. ಶುಭಾಶಯಗಳ ನಡುವೆ ಬೇರೆ ಏನೇನು ಸಿಕ್ಕಿಕೊಂಡಿದೆಯೋ? ಹೆಕ್ಕಿ ನೋಡಲು ಹೊತ್ತಿಲ್ಲ. ಮಾಲೀಕ ರಾಜೇಂದ್ರನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಬೇರೆಯವರ ಮಾತನ್ನು ಅಳಿಸಲು ನಾನು ಯಾರು ಎಂದುಕೊಂಡು ಕೈ ಹಿಂದಕ್ಕೆಳೆದಳು. ಸೊಂಟದವರೆಗೆ ನೀರಲ್ಲಿ ನಿಂತವರು ಕಣ್ಣಿಗೆ ಬಂದರು.

ಅಳಿಸಿದಳು.

"ಈಗ ಕಳ್ಸಿ ಅಣ್ಣ, ಬೇಗ."

ಸಂದೇಶ ಒಳಬಂದು ಹೊರಟುಹೋಯಿತು. ಅವಳು ಫೋನನ್ನೇ ನೋಡುತ್ತಾ ಕೂತಳು. ಕೊನೆಗೂ ಅದು ಬಡಿದುಕೊಂಡಿತು.

"ಎಲ್ಲಾ ದಡ ಅತ್ತವ್ರೆ ಕಣಮ್ಮ! ಒಬ್ಬ ಮೊಬೈಲ್ ನೋಡ್ದ, ಇನ್ನೊಬ್ಬ ನೋಡ್ದ, ತಮಟೆ ನಿಂತೋಯ್ತು. ಗಣಪತಿ ದಡದ ಮ್ಯಾಲೇ ಕುಂತವ್ನೆ. ನಮ್ ಚಿಕ್ಕಮಾದು ಪಂಚೆ ಒಂದ್ನ ಮಾತ್ರ ಹೊಳೆ ತಕ್ಕಂಡೋಯ್ತು." ಮರಿಯಯ್ಯ ಕೇಕೆ ಹಾಕಿ ನಕ್ಕ.

ಸೌಮ್ಯಳಿಗೆ ನಗು ಬರಲಿಲ್ಲ. ಯಾರು ಕಳಿಸಿದ್ದರು ಎಂಬುದು ಕಂಪ್ಯೂಟರಿನಲ್ಲಿ ಉಳಿದಿತ್ತು. ಏನು ಕಳಿಸಿದ್ದರು ಎಂಬುದು ಉಳಿದಿರಲಿಲ್ಲ. ಒಬ್ಬೊಬ್ಬರಿಗೇ ಫೋನು ಮಾಡತೊಡಗಿದಳು. ಮದ್ದೂರಿನ ಆಸ್ಪತ್ರೆಯೊಂದರ ವೀಣ ಉಸಿರೆಳೆದುಕೊಂಡಳು.

"ಅಯ್ಯೋ, ನಾಳೆ ಆಪರೇಷನ್ ಇರೋರು ಏನೂ ತಿನ್ನದೆ ಬನ್ನಿ ಅಂತ ಕಳ್ಸಿದ್ದೆ ಕಣ್ರೀ. ನೀವು ಹೇಳ್ದೇ ಇದ್ದಿದ್ರೆ? ಈಗ್ಲೇ ಮತ್ತೆ ಕಳುಸ್ತೀನಿ."

ಅಷ್ಟರಲ್ಲಿ ರಾಜೇಂದ್ರನ ಕರೆ ಬಂತು. "ಏನಮ್ಮ ಸೌಮ್ಯ, ನಮ್ ಗಿರಾಕಿ ಹೊನ್ನಯ್ಯನವರು ಸಿಟ್ಟಲ್ಲಿ ಕುಣೀತಾವ್ರೆ. ಊರಿಗೆಲ್ಲಾ ಕಳ್ಸಿದ ಶುಭಾಶಯ ಅವರ ಹೆಂಡ್ತಿಗೇ ಬಂದಿಲ್ವಂತೆ!"

ಅವಳು ನಡೆದದ್ದನ್ನು ಹೇಳಿದಳು.

"ಎಲ್ಲಾನೂ ಅಳಿಸ್ದಾ?"

"ಅಳಿಸ್ದೆ ಸಾರ್. ತಪ್ಪಾಗಿದ್ರೆ..."

"ಹೊನ್ನಯ್ಯನವರಿಗೆ ನಾನ್ ಹೇಳ್ತೀನಿ, ಬುಡು. ಇನ್ನೂ ಯಾರ್ಯಾರಿಗೆ ಹೇಳ್ಬೇಕು? ಅರ್ಧ ಜನದ ಹೆಸರು ನನಗೆ ಕಳ್ಸು."

ಅರ್ಧ ಕಳಿಸಿದಳು. ಆಮೇಲೆ ಎಚ್ಚರಿಕೆಗಳಿಗೆಂದೇ ಬೇರೊಂದು ಚಿಕ್ಕ ಸರದಿ ಮಾಡಿದಳು. ಅದು ತುಂಬಿದರೆ ಹೋಗಬೇಕಾದದ್ದು ಹಳೆಯದೇ; ಹರಿದುಹೋದ ನೀರಿನ ಎಚ್ಚರಿಕೆ ಯಾರಿಗೂ ಬೇಡ. ಇದಾದರೂ ಸರಿಯೇ? ಪೂರ್ತಿ ಧೈರ್ಯ ಬರಲಿಲ್ಲ. ನಾಳೆ ಇನ್ನೊಮ್ಮೆ ನೋಡಬೇಕು.

ಮುಂದಿನ ಹೆಸರು ಮಳವಳ್ಳಿಯ ಬಟ್ಟೆ ಅಂಗಡಿಯದು. ಬೈಗುಳಕ್ಕೆ ಸಿದ್ಧಳಾಗಿ ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ನಿಮ್ಮ ಸಂದೇಶ ಅಳಿಸಿದ್ದು ನಾನೇ," ಎಂದು ಶುರು ಮಾಡಿದಳು.