ಅಂಗಾಲಿನ ನೀಲಿ

ಮಂಜಿನ್ನೂ ಬಿಟ್ಟಿಲ್ಲ, ಮರದ ಬುಡವೆಲ್ಲ ಒದ್ದೆ, ಇವತ್ತೇ ಹತ್ತಬೇಕಿತ್ತಾ ಈ ಮಹಾರಾಯ, ಮಾಯಣ್ಣ ಕಾಲಿಗೆ ಹಗ್ಗದ ಕುಣಿಕೆ ತೊಡುತ್ತಿದ್ದಾನೆ, ಹೆಂಡತಿ ಸಿದ್ದಕ್ಕ ಕೆಳಗೆ ನಿಂತಿದ್ದಾಳೆ, ಗಂಡ ಮರ ಹತ್ತಿ ಹನ್ನೊಂದು ತಿಂಗಳಾಯಿತು, ತೆಂಗು ಕೀಳುವವನಿಗೆ ಕಾಲೇ ಹೋದರೆ ಇನ್ನೇನುಳಿಯಿತು — ಆಗಲೂ ಇಂಥದೇ ಚಳಿ, ರಾಗಿ ಕೊಯ್ದ ಹೊಲದಲ್ಲಿ ಕಬಡ್ಡಿ, ಮೂವತ್ತೆಂಟರ ಗಂಡಸಿಗೆ ಕೆಂಕೆರೆ ಹೈಕಳ ಜೊತೆ ಸರಿಸಮ ಆಡುವ ಚಪಲ, ಪಾದದ ಮುಂಭಾಗ ನೆಲದ ಬಿರುಕಿಗೆ ಸಿಕ್ಕಿತು, ಮೇಲೆ ನಾಲ್ಕು ಜನ ಬಿದ್ದರು, ಮಾರನೇ ಬೆಳಿಗ್ಗೆ ಜಗಲಿಯಲ್ಲಿ ಕೂತು ಹೇಳುತ್ತಾನೆ, ಉಳುಕೈತೆ ಕಣೇ, ನೀನೇ ಒಂದ್ಸಲ ಒದ್ಬುಡು. ಸಿದ್ದಕ್ಕ ಹುಟ್ಟುವಾಗ ಕಾಲು ಮುಂದಾಗಿ ಬಂದವಳು, ಅಂಥವರ ಕಾಲು ತಾಗಿದರೆ ಉಳುಕು ಬಿಡುತ್ತದೆ ಅಂತ ಸುತ್ತ ಹತ್ತೂರಿನ ನಂಬಿಕೆ, ಎಷ್ಟು ಸೊಂಟ ಎಷ್ಟು ಬೆನ್ನು ಅವಳೆದುರು ಬಗ್ಗಿಲ್ಲ, ಆದರೆ ಗಂಡನಿಗಾ, ಥೂ, ಪಾಪ ಸುತ್ಕೊಳ್ತದೆ ಕಣ್ರೀ, ಯಾರು ನೋಡ್ತಾರೆ ಬಾಗ್ಲಾಕು ಅಂದ, ಒಳಗೆ ಕರೆದೊಯ್ದು ಬಾಗಿಲು ಹಾಕಿದಳು, ಮೂರು ಸಲ ಎಡಗಾಲು ತಾಗಿಸಿದಳು, ಮೂರನೆಯದಕ್ಕೆ ಅವನು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ, ತಪ್ಪಾಯ್ತು ಅಂತ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದ್ದಕ್ಕೇ ಕಂಡದ್ದು, ಅಂಗಾಲಿನ ನಡುವೆ ನೇರಳೆಹಣ್ಣು ಹಿಚುಕಿದಂತೆ ನೀಲಿ.

ಇಷ್ಟು ಉಳುಕು ನೋಡಿದ್ದಾಳೆ, ಅಂಗಾಲು ನೀಲಿಗಟ್ಟಿದ್ದು ಒಂದೂ ಇಲ್ಲ, ಇದು ನನ್ ಕೆಲ್ಸ ಅಲ್ಲ ಏಳ್ರೀ ತಿಪಟೂರಿಗೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಕಾಲು ಅವಳ ಮಡಿಲಲ್ಲಿ, ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಏನೂ ಇಲ್ಲ, ಆದರೆ ಆ ಡಾಕ್ಟರು, ಪುಣ್ಯಾತ್ಮ, ಅಂಗಾಲು ನೋಡಿದ್ದೇ, ಕಾಲೂರಿ ನಿಲ್ಲಿಸಿ ಇನ್ನೊಂದು ತೆಗೀರಿ ಅಂದರು, ಮೈಭಾರ ಬಿದ್ದಾಗ ಹೆಬ್ಬೆರಳಿನ ಮೂಳೆಗೂ ಪಕ್ಕದ್ದಕ್ಕೂ ನಡುವೆ ಸಂದು ಬಾಯಿಬಿಟ್ಟಿತು, ಕೀಲು ಕಿತ್ತಿದೆಯಮ್ಮ, ಉಳುಕು ಅಂತ ಓಡಾಡಿಸಿದ್ರೆ ಜನ್ಮವೆಲ್ಲ ಕುಂಟಬೇಕಿತ್ತು, ನಾನು ಒದ್ಬುಟ್ಟೆ ಸಾರ್ ಅಂತ ಅತ್ತೇಬಿಟ್ಟಳು, ಒದ್ದಿದ್ದು ತಪ್ಪು ಕಣಮ್ಮ, ಅಂಗಾಲು ನೋಡಿದ್ಯಲ್ಲ, ಅದು ಇವನ ಪುಣ್ಯ. ಆಪರೇಷನ್ನು, ಮೂಳೆಗೆ ತಂತಿ, ಪ್ಲಾಸ್ಟರು, ಎರಡು ತಿಂಗಳು ಕಾಲು ನೆಲಕ್ಕೂರದಂತೆ ಇವಳ ಕಾವಲು, ಆ ಜಗಳಗಳೋ, ದೇವರಿಗೇ ಪ್ರೀತಿ, ಈಗ ಉಳುಕು ಅಂತ ಯಾರೇ ಬರಲಿ, ಮೊದ್ಲು ಅಂಗಾಲು ತೋರ್ಸಪ್ಪ ಅನ್ನುತ್ತಾಳೆ, ಅನ್ನುವಾಗ ಒಂಥರಾ ಹೆಮ್ಮೆ, ಇರಲಿ ಬಿಡು — ಹತ್ಲೇನೇ, ಹತ್ರಿ ನಿಧಾನ, ಕುಣಿಕೆ ಬಿಗಿಯಿತು, ಭಾರವೆಲ್ಲ ಆ ಕಾಲಿನ ಮೇಲೆ, ಒಂದಾಳೆತ್ತರ, ಎರಡಾಳು, ನೋಯ್ತದಾ, ಇಲ್ಲ ಕಣೇ, ಸುಳ್ಳಾ, ಇಲ್ಲ ಅಂದ್ನಲ್ಲ, ಕತ್ತೆತ್ತಿದಳು, ತಲೆಯ ಮೇಲೆ ಅಂಗಾಲು, ಮಣ್ಣು ಮೆತ್ತಿದ, ಒಡಕು ಬಿದ್ದ, ಎಲ್ಲೂ ನೀಲಿಯಿಲ್ಲದ ಅಂಗಾಲು.