ಗಾಜಿಲ್ಲದ ಕನ್ನಡಿ

"ನೀನು ಪ್ರತಿಬಿಂಬ ಕಣಮ್ಮಾ! ಪ್ರತಿಬಿಂಬ ಯಾವತ್ತಾದ್ರೂ ಮನುಷ್ಯರಿಗಿಂತ ಮುಂಚೆ ಕೈ ಎತ್ತುತ್ತಾ?"

ನಾಟಕದ ಮೇಷ್ಟ್ರು ಎಲ್ಲರೆದುರಿಗೆ ಹೀಗೆ ಕೂಗಿದಾಗ ನನಗೆ ಮೈಯೆಲ್ಲ ಉರಿದುಹೋಯ್ತು. ನಾನು ಮುಂಚೆ ಎತ್ತಿರಲಿಲ್ಲ. ಎತ್ತಬೇಕಾದ ಹೊತ್ತಿಗೆ ಸರಿಯಾಗಿ ಎತ್ತಿದ್ದೆ. ಹೊತ್ತು ತಪ್ಪಿಸಿದ್ದು ನಮ್ಮಕ್ಕ.

ನಾನೇನು ನಟಿ ಅಲ್ಲ. ನನ್ನದು ಬ್ಯೂಟಿ ಪಾರ್ಲರ್. ನಟಿ ಅಂದ್ರೆ ನಮ್ಮಕ್ಕ. ವಯಸ್ಸಿಗೆ ಬಂದಾಗಿನಿಂದ ಕೂದಲು ನೆರೆಯೋವರೆಗೂ ಇದೇ ರಂಗಮಂದಿರದಲ್ಲಿ ಬಣ್ಣ ಹಚ್ಚಿದವಳು. ಈ ಸಲ ಮೇಷ್ಟ್ರು ಎತ್ತಿಕೊಂಡಿದ್ದು ರಕ್ತ ಕುಡಿಯೋ ದೊರೆಯ ಹಳೇ ಕಥೆ. ಹಗಲೆಲ್ಲ ಶವಪೆಟ್ಟಿಗೆಯಲ್ಲಿ ಮಲಗ್ತಾನೆ, ಸಂಜೆಯಾದ್ರೆ ಯಾರದ್ದಾದ್ರೂ ಕುತ್ತಿಗೆ ಹುಡುಕ್ತಾನೆ. ಅವನ ಬಿಂಬ ಕನ್ನಡಿಯಲ್ಲಿ ಮೂಡೋದಿಲ್ಲ. ಅದನ್ನ ಜನರಿಗೆ ತೋರಿಸೋದು ಹೇಗೆ? ಮೇಷ್ಟ್ರು ಬಾಗಿಲಷ್ಟು ದೊಡ್ಡ ಕನ್ನಡಿ ಚೌಕಟ್ಟು ಮಾಡಿಸಿ, ಗಾಜೇ ಹಾಕಿಸಲಿಲ್ಲ. ಆಚೆ ಬದಿಗೂ ಅದೇ ಮೇಜು, ಅದೇ ಸ್ಟೂಲು, ಅದೇ ದೀಪ ಇಟ್ಟರು. ಈಚೆ ಅಕ್ಕ, ಆಚೆ ಅವಳ ಹಾಗೇ ಉಡುಪು ತೊಟ್ಟ ನಾನು. ಅವಳು ಬಲಗೈ ಎತ್ತಿದ್ರೆ ನಾನು ಎಡಗೈ. ದೊರೆ ಬಂದು ಅವಳ ಹಿಂದೆ ನಿಂತಾಗ ನನ್ನ ಹಿಂದೆ ಯಾರೂ ಇರೋದಿಲ್ಲ. ಅಷ್ಟೇ ಗುಟ್ಟು.

ದೊರೆಯ ಪಾತ್ರ ನಮ್ಮ ಹಲ್ಲಿನ ಡಾಕ್ಟ್ರದ್ದು. ಕೋರೆಹಲ್ಲು ತಾವೇ ಅಚ್ಚು ತೆಗೆದು ಮಾಡಿಕೊಂಡಿದ್ದರು. ಹಾಕಿಕೊಂಡರೆ ಮಾತೇ ಹೊರಡ್ತಿರಲಿಲ್ಲ. ಅವರ ಅವತಾರ ನೋಡಿದ್ರೆ ಯಾವ ಪೇಶಂಟೂ ಬಾಯಿ ತೆರೆಯೋಲ್ಲ ಅಂತ ಅವರ ಹೆಂಡತಿ ಗೊಣಗ್ತಿದ್ದರು.

ನನಗೆ ಅರ್ಥವಾಗದೇ ಇದ್ದಿದ್ದು ಒಂದೇ. ಬಳುಕೋ ಹುಡುಗಿಯರು ಸಾಲುಗಟ್ಟಿ ನಿಂತಿರುವಾಗ, ಅಕ್ಕ ನನ್ನನ್ನೇ ಯಾಕೆ ಕರೆದಳು? "ನನ್ನ ತಂಗೀನೇ ಬೇಕು, ಇಲ್ಲದಿದ್ದರೆ ನಾನೂ ಮಾಡೋಲ್ಲ" ಅಂದಳಂತೆ. ಕರೆದು, ಆಮೇಲೆ ಬೇಕಂತಲೇ ತಡ ಮಾಡಿ ನನಗೆ ಬೈಸೋದಾ? ಚಿಕ್ಕಂದಿನಿಂದಲೂ ಹೊಗಳಿಕೆ ಅವಳಿಗೆ, ಬೈಗುಳ ನನಗೆ. ಇನ್ನೂ ಸಾಕಾಗಿಲ್ವಾ ಇವಳಿಗೆ ಅಂತ ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಗೊಂದಲ. ಯಾಕೆಂದ್ರೆ ಅವಳ ಮುಖದಲ್ಲಿ ಕೀಟಲೆಯ ಸುಳಿವೇ ಇರಲಿಲ್ಲ.

ಮಾರನೇ ದಿನ ಮಧ್ಯಾಹ್ನದ ರಿಹರ್ಸಲ್ಲಿನಲ್ಲಿ ಹಠಕ್ಕೆ ಬಿದ್ದೆ. ಅವಳು ಅಲ್ಲಾಡೋವರೆಗೂ ನಾನೂ ಅಲ್ಲಾಡೋಲ್ಲ, ನೋಡೇಬಿಡೋಣ. ಇಬ್ಬರೂ ಸ್ಟೂಲಿನ ಮೇಲೆ ಎದುರುಬದುರು ಕೂತೆವು. ಮೇಜಿನ ಮೇಲೆ ಬಾಚಣಿಗೆ. ಎತ್ತಬೇಕಾದವಳು ಅವಳು. ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳ ಕಣ್ಣು ನನ್ನ ಕೈಮೇಲೆ ನೆಟ್ಟಿತ್ತು. ಪರೀಕ್ಷೆಯಲ್ಲಿ ಪಕ್ಕದವಳ ಉತ್ತರ ಕದ್ದು ನೋಡೋ ಹುಡುಗಿ ಹಾಗೆ.

"ಏನಾಯ್ತು ಇಬ್ಬರಿಗೂ? ಕಲ್ಲಾಗಿಬಿಟ್ರಾ?" ಅಂದರು ಮೇಷ್ಟ್ರು.

ನಾನು ಬಾಚಣಿಗೆ ಎತ್ತಿದೆ. ತಕ್ಷಣ ಅವಳೂ ಎತ್ತಿದಳು.

ಅವಳನ್ನ ಬಣ್ಣದ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. "ಅಕ್ಕಾ, ನನ್ನನ್ನ ನೋಡಿಕೊಂಡು ಮಾಡ್ತಿದ್ದೀಯಾ?"

ಮುಚ್ಚಿಡಲಿಲ್ಲ ಅವಳು. "ಡಾಕ್ಟ್ರಿಗೆ ತೋರಿಸಿದೆ ಕಣೇ. ಹಲ್ಲಿನವರಿಗಲ್ಲ, ತಲೆಯವರಿಗೆ. ಮರೆವು ಶುರುವಾಗಿದೆ, ಇನ್ನೂ ಹೆಚ್ಚಾಗುತ್ತೆ ಅಂದರು. ಮಾತೆಲ್ಲ ಬಾಯಿಗೆ ಬರುತ್ತೆ. ಕೈಗೇ ಮುಂದೇನು ಅಂತ ಗೊತ್ತಾಗೋದಿಲ್ಲ. ಇದೊಂದು ನಾಟಕ ಮರ್ಯಾದೆಯಾಗಿ ಮುಗಿಸಿಬಿಡ್ತೀನಿ. ಯಾರಿಗೂ ಹೇಳಬೇಡ. ಪಾಪ ಅಂತ ನನ್ನನ್ನ ಕೆಳಗಿಳಿಸೋದು ಬೇಡ."

"ಅದಕ್ಕೇ ನನ್ನನ್ನ ಕರೆದೆಯಾ?"

"ಮತ್ತೆ ಇನ್ನ್ಯಾರನ್ನ ಕರೀಲಿ?"

ನನಗೆ ಅಳು ಬಂತು. ಇಷ್ಟು ದಿನ ಮನಸ್ಸಲ್ಲೇ ಶಪಿಸಿದ್ದೆನಲ್ಲಾ ಅಂತ ನಾಚಿಕೆಯೂ ಆಯ್ತು. ಅವತ್ತಿನಿಂದ ಮೇಷ್ಟ್ರು ಎಷ್ಟು ಬೈದರೂ ಹಲ್ಲು ಕಚ್ಚಿಕೊಂಡು ಒಂದು ಚೂರು ಮುಂಚೆಯೇ ಕೈ ಎತ್ತುತ್ತಾ ಬಂದೆ.

ಮೊದಲ ಪ್ರದರ್ಶನದ ದಿನ ಮಂದಿರ ತುಂಬಿತ್ತು. ಕನ್ನಡಿಯ ದೃಶ್ಯ ಬಂತು. ಬಾಚಣಿಗೆ ಎತ್ತಿದೆ, ಎತ್ತಿದಳು. ಕುತ್ತಿಗೆಗೆ ಪದಕದ ಸರ ಕಟ್ಟಿಕೊಂಡೆ, ಕಟ್ಟಿಕೊಂಡಳು. ಡಾಕ್ಟ್ರು ಕಪ್ಪು ನಿಲುವಂಗಿ ಹಾಕಿಕೊಂಡು ಅವಳ ಹಿಂದೆ ಬಂದು ನಿಂತರು. ಕನ್ನಡಿಯಲ್ಲಿ ಅವರಿಲ್ಲದ್ದು ಕಂಡು ಜನ ಉಸಿರು ಬಿಗಿಹಿಡಿದರು. ಈಗ ಅಕ್ಕ ತಿರುಗಿ ದೊರೆಯನ್ನ ನೋಡಿ ಕಿರುಚಬೇಕು. ಅವಳು ತಿರುಗಿದ್ರೆ ನಾನೂ ಬೆನ್ನು ತಿರುಗಿಸಬೇಕು.

ಬೆನ್ನು ತಿರುಗಿಸಿದ ಮೇಲೆ ಹೊಳೀತು: ಈಗ ಅವಳಿಗೆ ನಾನು ಕಾಣೋದಿಲ್ಲವಲ್ಲ!

ಕಿರುಚಾಟ ಕೇಳಲಿಲ್ಲ. "ಯಾರು ನೀವು?" ಅನ್ನೋ ಸಣ್ಣ ದನಿ ಕೇಳಿಸ್ತು. ಅದು ನಾಟಕದ ಮಾತಲ್ಲ. ತಿರುಗಿ ನೋಡ್ತೀನಿ, ಅಕ್ಕ ಥರಥರ ನಡುಗ್ತಿದ್ದಾಳೆ. ಕೋರೆಹಲ್ಲಿನ ಆ ಮನುಷ್ಯ ಯಾರು, ತಾನೆಲ್ಲಿದ್ದೀನಿ ಅನ್ನೋದೇ ಅವಳಿಗೆ ತಿಳೀಲಿಲ್ಲ. ಹಿಂದೆ ಸರಿದವಳು ನನ್ನನ್ನ ಕಂಡಳು. ಕಂಡವಳೇ ಕನ್ನಡಿಯ ಚೌಕಟ್ಟು ದಾಟಿ ಓಡಿಬಂದು ನನ್ನ ರಟ್ಟೆ ಹಿಡಿದುಕೊಂಡಳು.

ಮಂದಿರದಲ್ಲಿ ಹೋ ಅಂತ ಉದ್ಗಾರ ಎದ್ದಿತು. ಡಾಕ್ಟ್ರು ಕೋರೆಹಲ್ಲಿನ ಸಂದಿಯಿಂದ "ಈಗೇನ್ ಮಾಡ್ಲಿ?" ಅಂತ ಪಿಸುಗುಟ್ಟಿದರು. ನನಗೇನು ಗೊತ್ತು!

"ನೀನು ಹೋಗೇ," ಅಂದಳು ಅಕ್ಕ ಕಿವಿಯಲ್ಲಿ, ನನ್ನ ರಟ್ಟೆ ಹಿಡಿದಮೇಲೆ ನಾಟಕ ನೆನಪಾದವಳ ಹಾಗೆ. "ನಾನಿಲ್ಲೇ ಕೂತಿರ್ತೀನಿ."

ಅವಳನ್ನ ನನ್ನ ಸ್ಟೂಲಿನ ಮೇಲೆ ಕೂರಿಸಿ, ಚೌಕಟ್ಟು ದಾಟಿ ಈಚೆ ಬಂದೆ. ದೊರೆಯ ಮುಖ ನೋಡಿ ಜೀವ ಹೋಗೋ ಹಾಗೆ ಕಿರುಚಿದೆ. ಅದಕ್ಕೆ ನಟನೆ ಏನೂ ಬೇಕಾಗಿರಲಿಲ್ಲ. ರಿಹರ್ಸಲ್ಲಿನಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಅವಳ ಮಾತುಗಳನ್ನ ಒಂದೊಂದಾಗಿ ಒಪ್ಪಿಸಿ, ಹೇಗೋ ನಾಟಕ ದಡ ಸೇರಿಸಿದೆ. ಬಿಂಬವೇ ಹೊರಗೆ ಬಂದು ದೊರೆಯನ್ನ ಎದುರಿಸ್ತು ಅಂದುಕೊಂಡು ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ಬೈಯಬೇಕೋ ಹೊಗಳಬೇಕೋ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಅಕ್ಕನೇ ಅವರಿಗೆ ಎಲ್ಲಾ ಹೇಳಿದಳು.

ಈಗಲೂ ನಾಟಕ ನಡೀತಿದೆ. ಈಚೆ ನಾನು, ಆಚೆ ಅಕ್ಕ. ಪಾರ್ಲರಿಗೆ ಬರೋರು ಒಮ್ಮೊಮ್ಮೆ ಕೇಳ್ತಾರೆ, "ನಿಮ್ಮ ನಾಟಕದಲ್ಲಿ ಕನ್ನಡಿ ಸ್ವಲ್ಪ ತಡ ಅಲ್ವಾ?" ಹೌದು, ತಡ. ದಿನದಿಂದ ದಿನಕ್ಕೆ ಇನ್ನೂ ತಡವಾಗ್ತಿದೆ. ನಾನು ಬಾಚಣಿಗೆ ಎತ್ತಿ, ಅವಳ ಕೈ ಅವಳ ಬಾಚಣಿಗೆ ಹುಡುಕಿಕೊಳ್ಳೋವರೆಗೂ ಹಾಗೇ ಹಿಡಿದುಕೊಂಡು ಕಾಯ್ತೀನಿ.