ಗಾಡಿಯ ಮೇಲಿನ ದನಿ

ದಿನಾ ಬೆಳಿಗ್ಗೆ ತನ್ನದೇ ದನಿ ಬೀದಿಯಲ್ಲಿ ಮೆರವಣಿಗೆ ಹೊರಡುವುದನ್ನು ಕೇಳುವ ಭಾಗ್ಯ ಎಷ್ಟು ಜನರಿಗೆ ಸಿಕ್ಕೀತು? ಕಹಳೆಗೆ ಸಿಕ್ಕಿತ್ತು. ಆ ಭಾಗ್ಯದಿಂದಲೇ ಅವಳ ತಲೆ ಮೊಸರುಗಡಿಗೆಯಾಗಿ ಕೂತಿತ್ತು.

ಕಹಳೆ ಎಂಬುದು ಅವಳ ಅಪ್ಪ ಇಟ್ಟ ಅಡ್ಡಹೆಸರು. ಹುಟ್ಟಿದ ಗಳಿಗೆಯಲ್ಲಿ ಅವಳು ಅತ್ತ ಜೋರಿಗೆ ಆಸ್ಪತ್ರೆಯ ಕಾವಲುಗಾರ ಗಾಬರಿಬಿದ್ದು ಓಡಿಬಂದಿದ್ದನಂತೆ. ಬೆಳೆದ ಮೇಲೆ ಅದೇ ಗಂಟಲು ಅವಳಿಗೆ ಅನ್ನ ಹಾಕಿತು. ಬಟ್ಟೆ ಅಂಗಡಿಯ ರಿಯಾಯಿತಿ, ಬಸ್ ನಿಲ್ದಾಣದ ಸೂಚನೆ, ನಿಂಬೆಯ ಘಮದ ಸೋಪು, ಎಲ್ಲದಕ್ಕೂ ದನಿ ಕೊಡುವುದು ಅವಳ ಕಸುಬು. ಹೇಳುವ ಮಾತನ್ನು ಹೇಳುವವಳು ನಂಬಬೇಕೆಂಬ ಕಟ್ಟುಪಾಡು ಆ ಕಸುಬಿನಲ್ಲಿಲ್ಲ, ಕೇಳುವವರು ನಂಬಿದರೆ ಸಾಕು. ಆ ಸೋಪನ್ನು ಅವಳು ಒಂದು ದಿನವೂ ಮೈಗೆ ಮುಟ್ಟಿಸಿದವಳಲ್ಲ.

ಸೋಂಕು ಊರಿಗೆ ಕಾಲಿಟ್ಟ ಹೊಸದರಲ್ಲಿ ಪುರಸಭೆಯವರಿಗೆ ಒಂದು ಪ್ರಕಟಣೆ ಬೇಕಾಯಿತು. ಸ್ಟುಡಿಯೋದವನು ಇವಳನ್ನು ಕರೆದ. ಅವಳು ಬಸುರಿ ಎಂಬ ಸುದ್ದಿ ಆಗಿನ್ನೂ ಮನೆಯಿಂದಾಚೆ ಹೋಗಿರಲಿಲ್ಲ. ಗಾಜಿನ ಆಚೆ ಕೂತವನು, "ಕಹಳೆಯಮ್ಮ, ಇದು ಸೋಪು ಮಾರೋ ದನಿ ಆಯ್ತು. ಸ್ವಲ್ಪ ಭಯ ಹಾಕಿ," ಎಂದ. ಅವಳು ಹಾಕಿದಳು. "ಇನ್ನೂ ಸ್ವಲ್ಪ," ಎಂದ. ಅಡುಗೆಗೆ ಉಪ್ಪು ಹಾಕಿದಂತೆ ಇನ್ನೂ ಸ್ವಲ್ಪ ಹಾಕಿದಳು. ಕೆಲಸ ಮುಗಿದ ಮೇಲೆ ಇಬ್ಬರೂ ಚಹಾ ಕುಡಿದು, ಏನೋ ತಮಾಷೆಗೆ ನಕ್ಕು, ಮನೆ ಸೇರಿದರು.

ಈಗ ಅದೇ ದನಿ ಪುರಸಭೆಯ ಗಾಡಿಯ ನೆತ್ತಿಯ ಮೇಲೆ ಕೂತು ಓಣಿ ಓಣಿ ಸುತ್ತುತ್ತಿತ್ತು. "ವಯಸ್ಸಾದವರು, ಮಕ್ಕಳು, ಗರ್ಭಿಣಿಯರು ಮನೆಯಿಂದ ಹೊರಗೆ ಬರಬೇಡಿ. ನಿಮ್ಮ ಒಂದು ತಪ್ಪು ನಿಮ್ಮವರ ಪ್ರಾಣಕ್ಕೆ ಕುತ್ತು." ಗಾಡಿ ತಿರುವಿಗೆ ಬರುವ ಮೊದಲೇ ಕಹಳೆಯ ಎದೆ ಹೊಡೆದುಕೊಳ್ಳಲು ಶುರುಮಾಡುತ್ತಿತ್ತು. ಇದೆಂಥ ಹುಚ್ಚು ನೋಡಿ. ಅಲ್ಲಿ ಹೆದರಿಸುವವಳೂ ಅವಳೇ, ಇಲ್ಲಿ ಹೆದರಿ ಕಿಟಕಿ ಮುಚ್ಚುವವಳೂ ಅವಳೇ. ಸುಮ್ಮನೆ ಹಾಕಿದ ಭಯ ಊರೆಲ್ಲ ತಿರುಗಿ, ನಿಜವಾಗಿ, ಅವಳ ಮನೆಗೇ ವಾಪಸು ಬಂದಿತ್ತು.

ಮನೆಯಲ್ಲಿದ್ದವರು ಮೂವರೇ. ಗಂಡ ಔಷಧಿ ಅಂಗಡಿಯವನು. ಊರಲ್ಲಿ ಕೆಮ್ಮುವವರೆಲ್ಲ ಮೊದಲು ಬಂದು ನಿಲ್ಲುವುದು ಅವನ ಮುಂದೆ. ಹಾಗಾಗಿ ಅವನು ಹಿತ್ತಿಲ ಬಾಗಿಲಿಂದ ಬಂದು, ಸ್ನಾನ ಮಾಡಿ, ಮುಂದಿನ ಕೋಣೆಯಲ್ಲೇ ಉಂಡು ಮಲಗುತ್ತಿದ್ದ. ಗಂಡ ಹೆಂಡತಿ ಮಾತಾಡುವುದೆಲ್ಲ ನಡುಮನೆಯ ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು. ನಡುವೆ ಅತ್ತೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರಿಂದ ಗುಟ್ಟಿನ ಮಾತೆಂಬುದು ಆ ಮನೆಯಲ್ಲಿ ಉಳಿದೇ ಇರಲಿಲ್ಲ.

ಅತ್ತೆಗೆ ಸೊಸೆಯೆಂದರೆ ಜೀವ. ಆ ಪ್ರೀತಿಯಿಂದಲೇ ಅವರು ಬಾಗಿಲ ಚಿಲಕಕ್ಕೆ ಇನ್ನೊಂದು ಚಿಲಕ ಸೇರಿಸಿದ್ದರು. ಟೊಮೇಟೊ, ಬದನೆಕಾಯಿ, ಕೊನೆಗೆ ಬ್ರೆಡ್ಡಿನ ಪೊಟ್ಟಣವನ್ನೂ ಸೋಪು ಹಚ್ಚಿ ತೊಳೆಯುತ್ತಿದ್ದರು. ಅದೂ ಕಹಳೆ ದನಿ ಕೊಟ್ಟ ಸೋಪೇ. ಏನು ತಿಂದರೂ ನಿಂಬೆಯ ಘಮ.

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು. ಆದರೆ ಹೋದ ಸಲ ತಪಾಸಣೆಗೆ ಹೋದಾಗ ಡಾಕ್ಟರಮ್ಮ, "ಬಿಪಿ ಸ್ವಲ್ಪ ಮೇಲೇರಿದೆ. ಬರೋ ತಿಂಗಳು ಮಾತ್ರ ತಪ್ಪಿಸಬೇಡಿ," ಎಂದಿದ್ದರು. ಆ ತಿಂಗಳು ಬಂದು ಹೋಗಿಯೂ ಆಗಿತ್ತು. ಈಗ ಕಾಲು ಊದಿ ಚಪ್ಪಲಿಯೊಳಗೆ ತೂರುತ್ತಿರಲಿಲ್ಲ. ತಲೆ ಬೆಳಿಗ್ಗೆ ಎದ್ದಾಗಿನಿಂದ ಭಾರ. ಇದು ಬಿಪಿಯೋ, ನಿದ್ದೆಗೆಟ್ಟದ್ದೋ, ಬರೀ ಹೆದರಿಕೆಯೋ ಅವಳಿಗೆ ತಿಳಿಯದು. ಆಸ್ಪತ್ರೆಗೆ ಹೋದರೆ ಸೋಂಕು ಹತ್ತೀತು, ಹೋಗದಿದ್ದರೆ ಹೊಟ್ಟೆಯಲ್ಲಿರುವುದಕ್ಕೆ ಏನಾದೀತೋ. ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ಮರೆತು ನಿಲ್ಲುವಳು. ಗಂಟಲು ಕೆರೆದರೆ ಸೋಂಕೆಂದು ನಡುಗುವಳು. ಆಮೇಲೆ ಅದು ನುಂಗಿಕೊಂಡ ಅಳುವಿರಬಹುದೇ ಎಂದು ಯೋಚಿಸುವಳು. ಅಳೋಣವೆಂದರೆ ಅದೂ ಬರುತ್ತಿರಲಿಲ್ಲ.

ಒಂದು ದಿನ ಬಟ್ಟೆ ಮಡಚುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಏನೋ ಹೊಳೆಯಿತು. ಅವತ್ತು ಸ್ಟುಡಿಯೋದಲ್ಲಿ ಕೈಗೆ ಕೊಟ್ಟ ಹಾಳೆಯಲ್ಲಿ "ತಪಾಸಣೆಗಲ್ಲದೆ" ಎಂದಿರಲಿಲ್ಲವೇ? "ಗರ್ಭಿಣಿಯರು ತಪಾಸಣೆಗಲ್ಲದೆ ಮನೆಯಿಂದ ಹೊರಗೆ ಬರಬೇಡಿ." ಹೌದು, ಓದಿದ್ದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನೊಂದು ಬಟ್ಟೆ ಮಡಚುವಷ್ಟರಲ್ಲಿ ಕಲ್ಲು ಮತ್ತೆ ಏರಿ ಕೂತಿತು. ನಿಜವಾಗಿ ಓದಿದ್ದೆನೋ, ಇದ್ದರೆ ಚೆನ್ನಾಗಿತ್ತು ಎಂದು ಈಗ ಮನಸ್ಸೇ ಸೇರಿಸಿಕೊಳ್ಳುತ್ತಿದೆಯೋ?

ಸ್ಟುಡಿಯೋದವನಿಗೆ ಫೋನ್ ಹಚ್ಚಿದಳು.

"ಅಣ್ಣ, ಆ ಪುರಸಭೆ ಪ್ರಕಟಣೇಲಿ ತಪಾಸಣೆ ಅಂತ ಒಂದು ಮಾತು ಇತ್ತಲ್ಲ?"

"ಇತ್ತೇನೋಮ್ಮ. ಅರ್ಧ ನಿಮಿಷದೊಳಗೆ ಕೂರಿಸಬೇಕಿತ್ತು ನೋಡಿ, ಅಲ್ಲಿ ಇಲ್ಲಿ ಕತ್ತರಿ ಆಡಿಸಿದ್ದು ಹೌದು. ಏನು ತೆಗೆದೆ ಅಂದ್ರೆ, ದೇವರಾಣೆ ನೆನಪಿಲ್ಲ."

"ಪೂರ್ತಿ ಓದಿದ್ದು ಇಟ್ಕೊಂಡಿಲ್ವಾ?"

"ಅಳಿಸಿಬಿಟ್ಟೆ. ಯಾಕಮ್ಮ, ಪುರಸಭೆಯವರು ಏನಾದ್ರೂ ಅಂದ್ರಾ?"

ಯಾರೂ ಏನೂ ಅಂದಿಲ್ಲ ಎಂದು ಫೋನಿಟ್ಟಳು. ಕನ್ನಡಿಯ ಮುಂದೆ ನಿಂತು, ಆ ಮಾತು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಹೇಳಿ ನೋಡಿದಳು. ಎರಡೂ ಅಪ್ಪಟ ಸತ್ಯದಂತೆ ಕೇಳಿಸಿದವು. ಕಸುಬು ಚೆನ್ನಾಗಿ ಕಲಿತದ್ದರ ಫಲ! ಸುಳ್ಳು ಯಾವುದೆಂದು ಅವಳ ಕಿವಿಗೇ ಗುರುತು ಸಿಗಲಿಲ್ಲ.

ಸಂಜೆ ಗಂಡ ನಡುಮನೆಯ ಆ ತುದಿಗೆ ಬಂದು ನಿಂತಾಗ ಇವಳು ಬಾಯಿಬಿಟ್ಟಳು. "ರೀ, ಆಸ್ಪತ್ರೆಗೆ ಹೋಗಿಬರೋಣ್ವಾ?"

"ಏನಾಗ್ತಿದೆ? ನೋವಾ?"

"ನೋವಲ್ಲ."

"ಮತ್ತೆ? ನಿಂಗೇನು ಅನ್ಸುತ್ತೆ ಹೇಳು, ಹಾಗೇ ಮಾಡೋಣ."

"ನಂಗೇನು ಅನ್ಸುತ್ತೆ ಅಂತಾನೇ ಗೊತ್ತಾಗ್ತಿಲ್ಲ, ಅದೇ ಆಗ್ತಿರೋದು!" ಎಂದು ಕಿರುಚಿದಳು. ಕಹಳೆಯ ಗಂಟಲು, ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

ಗಂಡ ಪೆಚ್ಚಾಗಿ ನಿಂತ. ಕೆಟ್ಟವನಲ್ಲ ಪಾಪ. ಇಡೀ ದಿನ ಬಂದವರಿಗೆಲ್ಲ ಏನೂ ಆಗಲ್ಲ ಎಂದು ಹೇಳಿ ಹೇಳಿ, ಮನೆಗೆ ಬರುವ ಹೊತ್ತಿಗೆ ಅವನ ಬಳಿ ಆ ಮಾತು ಖಾಲಿಯಾಗಿರುತ್ತಿತ್ತು. ಹತ್ತಿರ ಬಂದು ಕೈ ಹಿಡಿಯಲೂ ಅವನಿಗೆ ಭಯ. "ಬೆಳಿಗ್ಗೆ ಹೋಗೋಣ," ಎಂದ, ಅಮ್ಮನ ಮುಖ ನೋಡುತ್ತ.

ಅಮ್ಮ ಮೂಗು ಮುರಿದರು. "ಬಸುರೀನ ಕರ್ಕೊಂಡು ಆಸ್ಪತ್ರೆ ಸುತ್ತುತ್ತೀಯಾ? ಗಾಡೀಲಿ ದಿನಾ ಬಡ್ಕೋತಾರೆ, ಕಿವಿ ಇಲ್ವಾ ನಿಂಗೆ?"

"ಅತ್ತೆ, ಆ ಗಾಡೀಲಿ ಬಡ್ಕೊಳ್ಳೋದು ನಾನು," ಎಂದಳು ಕಹಳೆ.

"ನೀನು ಮನೇಲಿ ನೂರು ಹೇಳ್ತೀಯಮ್ಮ. ಗಾಡೀಲಿ ಹೇಳೋದು ಸರ್ಕಾರ," ಎಂದು ಅತ್ತೆ ಮಾತು ಮುಗಿಸಿದರು.

ಮರುದಿನ ಬೆಳಿಗ್ಗೆ ಗಂಡ ಸ್ಕೂಟರಿನ ಕೀಲಿ ಹಿಡಿದು ನಿಂತಿದ್ದ, ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ತಾಯಿ ಮಗ ಒಬ್ಬರನ್ನೊಬ್ಬರು ನೋಡುತ್ತ ಕಲ್ಲಾಗಿದ್ದರು. ಕಹಳೆಗೆ ತಲೆ ಸಿಡಿಯುತ್ತಿತ್ತು. ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಬೆನ್ನು ನೆಟ್ಟಗಾಯಿತು, ಉಸಿರು ಹೊಟ್ಟೆಯಿಂದ ಎದ್ದಿತು, ಸ್ಟುಡಿಯೋದ ದನಿ ಬಾಯಿಗೆ ಬಂತು.

"ಗರ್ಭಿಣಿಯರು ತಪಾಸಣೆಗಲ್ಲದೆ ಮನೆಯಿಂದ ಹೊರಗೆ ಬರಬೇಡಿ. ತಪಾಸಣೆ ತಪ್ಪಿಸುವುದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು."

ಅತ್ತೆಯ ಕಣ್ಣು ಅರಳಿತು. ಅಷ್ಟು ಹತ್ತಿರದಿಂದ ಸರ್ಕಾರ ಅವರೊಡನೆ ಯಾವತ್ತೂ ಮಾತಾಡಿರಲಿಲ್ಲ. "ಅದನ್ನ ಮೊದಲೇ ಹೇಳೋಕೆ ಏನಾಗಿತ್ತು?" ಎಂದು ಗೊಣಗುತ್ತ ಎರಡೂ ಚಿಲಕ ತೆಗೆದು, ಬಾಗಿ ಸೊಸೆಯ ಊದಿದ ಕಾಲಿಗೆ ತಮ್ಮದೇ ದೊಡ್ಡ ಚಪ್ಪಲಿ ತೊಡಿಸಿದರು. ಕಾಲನ್ನು ಮುಟ್ಟಿದಾಗ ಅವರ ಕೈ ಒಂದು ಕ್ಷಣ ನಿಂತಿತು. ಅಷ್ಟು ಊದಿರುವುದು ಅವರಿಗೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಕಹಳೆಗೆ ಒಂದೇ ಸಂಕಟ. ಅತ್ತೆಗೆ ತಾನು ಹೇಳಿದ್ದು ನಿಜವೋ, ಸುಳ್ಳೋ?

ಆಸ್ಪತ್ರೆಯ ಬಾಗಿಲಲ್ಲಿ ಗಂಡನನ್ನು ನಿಲ್ಲಿಸಿದರು. ಒಳಗೆ ಒಬ್ಬರಿಗೇ ಪ್ರವೇಶ. ಮೊದಲೆಲ್ಲ ಬಸುರಿಯರು ಭುಜಕ್ಕೆ ಭುಜ ತಾಗಿಸಿ ಕೂತು ಹರಟೆ ಹೊಡೆಯುತ್ತಿದ್ದ ಉದ್ದನೆಯ ಕೋಣೆ ಬಿಕೋ ಎನ್ನುತ್ತಿತ್ತು. ಬೆಂಚುಗಳ ಮೇಲೆ ಒಂದು ಬಿಟ್ಟು ಒಂದು ಜಾಗಕ್ಕೆ ಅಡ್ಡಪಟ್ಟಿ ಅಂಟಿಸಿದ್ದರು. ಅಂಟಿಸದ ಜಾಗದಲ್ಲೂ ಯಾರೂ ಇರಲಿಲ್ಲ.

ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಮುಖಕ್ಕೆ ಮಾಸ್ಕು, ಅದರ ಮೇಲೆ ಕನ್ನಡಕ, ಕಾಣುತ್ತಿದ್ದದ್ದು ಹುಬ್ಬು ಮಾತ್ರ. ಆ ಹುಬ್ಬು ಮೇಲೇರಿತು. ಒಳಗೆ ಹೋಗಿ ಡಾಕ್ಟರಮ್ಮನನ್ನು ಕರೆತಂದರು. ಅವರು ನೋಡಿ, ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೇಳಿಸಿಕೊಂಡು, "ಮಗು ಚೆನ್ನಾಗಿದೆ. ಬಿಪಿ ಮಾತ್ರ ಜಾಸ್ತಿ ಇದೆ, ಮಾತ್ರೆ ಕೊಡ್ತೀನಿ. ಸಂಜೆವರೆಗೂ ಇಲ್ಲೇ ಇರಿ, ಮತ್ತೆ ಮತ್ತೆ ನೋಡೋಣ. ಇವತ್ತು ಬಂದಿದ್ದು ಒಳ್ಳೇದಾಯ್ತು," ಎಂದರು. ಬಾರದಿದ್ದರೆ ಏನಾಗುತ್ತಿತ್ತೆಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರು ಹೋದ ಮೇಲೆ ನರ್ಸಮ್ಮ ಕೇಳಿದರು. "ನಿದ್ದೆ ಬರುತ್ತಾ?"

"ಇಲ್ಲ."

"ಅಳು?"

"ಗೊತ್ತಿಲ್ಲ," ಎಂದಳು ಕಹಳೆ. ಹೇಳಿದ ಮೇಲೆ ಎಂಥ ಪೆದ್ದು ಉತ್ತರ ಎನ್ನಿಸಿತು.

ನರ್ಸಮ್ಮನಿಗೆ ಹಾಗನ್ನಿಸಲಿಲ್ಲವೇನೋ. ತಲೆಯಾಡಿಸಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು, ತಪಾಸಣೆಗೆ ಬಾರದವರಿಗೆ ಫೋನ್ ಮಾಡುವ ತಮ್ಮ ಕೆಲಸ ಮುಂದುವರಿಸಿದರು. ಒಂದು ಕರೆ ಮುಗಿಯಿತು, ಇನ್ನೊಂದು ಮುಗಿಯಿತು. ಮೂರನೆಯದರಲ್ಲಿ ಅವರ ತಾಳ್ಮೆ ತಪ್ಪಿತು. ಫೋನಿಗೆ ಅಂಗೈ ಮುಚ್ಚಿ, "ಎಲ್ಲರದ್ದೂ ಒಂದೇ ರಾಗ. ಆ ಗಾಡಿಯವಳು ಬೇಡ ಅಂದಿದ್ದಾಳಂತೆ! ಯಾವಳೋ ಅವಳು, ಅವಳ ಬಾಯಿಗೆ ಮಣ್ಣು ಹಾಕ," ಎಂದರು. ಕಹಳೆ ಮಾಸ್ಕನ್ನು ಇನ್ನಷ್ಟು ಮೇಲೆಳೆದುಕೊಂಡಳು. "ಹೊಟ್ಟೇಲಿ ಎರಡಿದೆ ಈ ಹುಡುಗಿಗೆ. ಬರಲ್ಲ ಅಂತಾಳೆ. ನೀವು ಬಂದಿದ್ದೀರಲ್ಲ, ನೀವೇ ಒಂದು ಮಾತು ಹೇಳಿ," ಎನ್ನುತ್ತ ಫೋನನ್ನು ಅವಳ ಕೈಗೆ ತುರುಕಿದರು.

ಬೆಳಿಗ್ಗೆ ಅತ್ತೆಯ ಮುಂದೆ ಕೆಲಸ ಮಾಡಿದ ದನಿಗಾಗಿ ಕಹಳೆ ಬಾಯಿ ತೆರೆದಳು. ಅದು ಬರಲಿಲ್ಲ.

"ಹಲೋ?" ಎಂದಿತು ಆ ಕಡೆಯಿಂದ ಒಂದು ಎಳೆಯ ದನಿ.

"ನಾನು... ನಾನೂ ಬಸುರಿ. ಆಸ್ಪತ್ರೇಲಿ ಕೂತಿದ್ದೀನಿ. ನೀವೂ ಬನ್ನಿ."

"ಹೊರಗೆ ಬರಬೇಡಿ ಅಂತ ಗಾಡೀಲಿ ಹೇಳ್ತಾರಲ್ಲ."

"ಅದು ಹೇಳಿದ್ದು ನಾನೇ."

ಪಕ್ಕದಲ್ಲಿ ನರ್ಸಮ್ಮನ ಕೈ ಗಾಳಿಯಲ್ಲೇ ನಿಂತಿತು.

"ಸುಳ್ಳು," ಎಂದಳು ಹುಡುಗಿ. "ಅವರ ದನಿ ಹೀಗಿಲ್ಲ. ಅವರಿಗೆ ಎಲ್ಲಾ ಗೊತ್ತಿರೋ ಹಾಗಿರುತ್ತೆ."

"ಗೊತ್ತಿರೋ ಹಾಗೆ ಹೇಳಿದೆ, ಅಷ್ಟೇ. ಅದು ನನ್ನ ಕೆಲಸ. ನಂಗೇನೂ ಗೊತ್ತಿಲ್ಲ ಕಣಮ್ಮ. ಅದ್ರಲ್ಲಿ ಒಂದು ಮಾತು ಬಿಟ್ಟುಹೋಗಿದೆ ಅನ್ಸುತ್ತೆ, ಅದೂ ಸರಿಯಾಗಿ ನೆನಪಿಲ್ಲ. ಇಲ್ಲಿಗೆ ಬರೋಕೆ ಭಯ ಆಯ್ತು. ಬಂದ್ಮೇಲೂ ಇದೆ. ನಿದ್ದೆ ಬರಲ್ಲ, ಏನೂ ಅರ್ಥ ಆಗಲ್ಲ..." ಇಷ್ಟು ದಿನ ಎಲ್ಲಿ ಅಡಗಿತ್ತೋ ಆ ಅಳು, ಮಾಸ್ಕಿನೊಳಗೆ ಬಿಸಿಯಾಗಿ ಇಳಿಯಿತು. ಅವಳು ಅದನ್ನು ತಡೆಯಲೂ ಇಲ್ಲ, ಫೋನು ದೂರ ಹಿಡಿಯಲೂ ಇಲ್ಲ.

ಆ ಕಡೆ ಮೆಲ್ಲಗೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ನಂಗೂ ನಿದ್ದೆ ಬರಲ್ಲ," ಎಂದಳು ಹುಡುಗಿ ಸಣ್ಣಗೆ. "ಯಾರಿಗೂ ಹೇಳಿಲ್ಲ." ಆಮೇಲೆ ಕೇಳಿದಳು, "ನೀವು ಎಷ್ಟೊತ್ತಿನವರೆಗೂ ಇರ್ತೀರಾ ಅಲ್ಲಿ?"

"ಸಂಜೆವರೆಗೂ."

"ನಾನು ಬಂದ್ರೆ ನಿಮ್ಮನ್ನ ಹೇಗೆ ಗುರುತು ಹಿಡೀಲಿ?"

ಕಹಳೆ ಆ ಉದ್ದನೆಯ ಕೋಣೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಅದೇನು ಕಷ್ಟ ಇಲ್ಲಮ್ಮ," ಎಂದಳು. "ಇಲ್ಲಿ ಬೇರೆ ಯಾರೂ ಬಂದೇ ಇಲ್ಲ."